ಗದ್ದುಗೆಯ ಹಿಂದಿನ ಎರಡು ಗಿಡ

ಯಂಕಂಚಿ, ತಾಲೂಕು ಸಿಂದಗಿ
೩ ಸೆಪ್ಟೆಂಬರ್ ೧೯೭೮

ವಾರಪತ್ರಿಕೆಯ ಸಂಪಾದಕರಿಗೆ,

ಕೂಡಿದ ದೈವವೇ, ಮುಂದಿನ ಸಾಲಿನಲ್ಲಿ ಗಾದಿಗೆ ಒರಗಿದ ಹಿರಿಯರೇ, ಹಗ್ಗದ ಆ ಕಡೆ ಕೂಸು ಮಲಗಿಸಿಕೊಂಡು ಕುಳಿತ ತಾಯಂದಿರೇ, ಹಿಂದೆ ನೆಲದ ಮೇಲೆ ಶೇಂಗಾ ಸುಲಿಯುತ್ತ ಕುಳಿತವರೇ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ತಾಲೂಕಿನ ಓದುಗರೇ, ಪರದೆ ಎದ್ದಿದೆ. ಗದ್ದಲ ಮಾಡಬೇಡಿರಿ. ನನ್ನ ದನಿ ಹಿಂದಿನ ಸಾಲಿಗೂ ಕೇಳುತ್ತದೆ. ಮೂವತ್ತು ವರ್ಷ ಕಂಪನಿ ನಾಟಕದಲ್ಲಿ ರಾಜಪಾರ್ಟು ಮಾಡಿದವನ ದನಿ ಇದು. ಈಗ ಹಳ್ಳಿಹಳ್ಳಿಗೆ ಹೋಗಿ ನಾಟಕ ಕಲಿಸಿ ಕಲಿಸಿ ಸ್ವಲ್ಪ ಒಡೆದಿದೆ, ಅಷ್ಟೇ.

ಹೋದ ವಾರ ಸಂಪಾದಕರು ಒಂದು ಪ್ರಶ್ನೆ ಕೇಳಿದ್ದಾರೆ. ದಿಲ್ಲಿಯಿಂದ ಹಳ್ಳಿಯ ತನಕ ಪಾನಬಂದಿಯ ಮಾತು ನಡೆದಿರುವಾಗ ಗಾಂಜಾಕ್ಕೆ ಕಾಯ್ದೆಯ ಒಪ್ಪಿಗೆ ಇರಬೇಕೋ ಬೇಡವೋ, ಓದುಗರು ತಮ್ಮ ತಮ್ಮ ಅಭಿಪ್ರಾಯ ಬರೆಯಲಿ ಎಂದಿದ್ದಾರೆ. ಬೇರೆಯವರು ಹೆಸರು ಮರೆಸಿ ಬರೆದಾರು. ನಾನು ಹೆಸರು ಹಾಕಿ ಬರೆಯುತ್ತೇನೆ. ಇರಬೇಕು.

ಯಾಕೆ ಎಂದು ಕೇಳಿರಿ. ಸಾರಾಯಿ ಅಂಗಡಿಯನ್ನು ಸರಕಾರವೇ ಲಿಲಾವು ಕೂಗಿ ಕೊಡುತ್ತದೆ. ಅಲ್ಲಿ ಕುಡಿದವನು ಮನೆಗೆ ಬಂದು ಹೆಂಡತಿಯ ಮೇಲೆ ಕೈ ಎತ್ತುತ್ತಾನೆ. ಎಲೆ ಸೇದಿದವನಿಗೆ ತನ್ನ ಕೈಯೇ ಭಾರ, ಎತ್ತುವುದು ದೂರ. ಕುಳಿತಲ್ಲಿಯೇ ಒಂದು ತತ್ವಪದ ಗುನುಗಿ, ಎರಡು ರೊಟ್ಟಿ ಹೆಚ್ಚು ತಿಂದು ಮಲಗುತ್ತಾನೆ. ಮೊದಲನೆಯವನು ಸರಕಾರದ ಗಿರಾಕಿ, ಎರಡನೆಯವನು ಕಳ್ಳ. ನಮ್ಮ ತಂದೆಯ ಕಾಲಕ್ಕೆ ಇದೇ ಎಲೆಯನ್ನು ಪರವಾನಗಿ ಪಡೆದ ಅಂಗಡಿಯಲ್ಲಿ ತೂಗಿ ಕೊಡುತ್ತಿದ್ದರು. ಗಿಡ ಬದಲಾಗಿಲ್ಲ. ಮನುಷ್ಯನ ನೋವೂ ಬದಲಾಗಿಲ್ಲ. ಬದಲಾದದ್ದು ಕಾಗದ.

ಮೋರಟಗಿಯ ಹೊರಗೆ ಬೂದಯ್ಯಜ್ಜನ ಸಮಾಧಿಯ ಗದ್ದುಗೆ ಇದೆ. ಅದನ್ನು ನೋಡಿಕೊಂಡು ಇರುವವರು ಎಪ್ಪತ್ತು ದಾಟಿದ ಚನ್ನಬಸಯ್ಯನವರು. ಆ ಗದ್ದುಗೆಯದು ಒಂದು ನಡೆ ಇದೆ. ಅಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಇಟ್ಟು ಹೋಗಬಹುದು. ಕಾಯಿ, ಕರು, ಒಂದು ಸೇರು ಜೋಳ, ನೆಟ್ಟ ಗಿಡ. ಇಟ್ಟವರು ಯಾರೆಂದು ಅಯ್ಯ ಕೇಳುವುದಿಲ್ಲ. ಕಂಡಿದ್ದರೂ ಹೇಳುವುದಿಲ್ಲ. ಇಟ್ಟ ಗಳಿಗೆಗೆ ಅದು ಗದ್ದುಗೆಯದಾಯಿತು. ಸದ್ಯ ಆ ಗದ್ದುಗೆಯ ಹಿಂದೆ, ಬಾವಿಯ ಮೂಡಲ ಮಗ್ಗುಲಿಗೆ, ಎರಡು ಗಾಂಜಾ ಗಿಡ ಎದೆಯೆತ್ತರ ನಿಂತಿವೆ. ಅವು ಯಾರ ಮನೆ ಮುರಿದಿವೆ? ಯಾರ ಎತ್ತು ಹೊಡೆದುಕೊಂಡು ಹೋಗಿವೆ? ಕಾಯ್ದೆ ಮಾಡುವವರು ಮೊದಲು ಬಂದು ನೋಡಿರಿ.

ಸಭೆಗೆ ಶರಣು.

ಮಡಿವಾಳಪ್ಪ
ರಾಜಪಾರ್ಟು, ನಿವೃತ್ತ


ಇಂಡಿ
೧೪ ಸೆಪ್ಟೆಂಬರ್ ೧೯೭೮

ಮಡಿವಾಳಪ್ಪನಿಗೆ,

ಹನ್ನೊಂದು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕ್ಷೇಮ ಕೇಳುವ ಸಾಲು ಬಿಟ್ಟಿದ್ದೇನೆ. ಮರೆತು ಬಿಟ್ಟದ್ದಲ್ಲ.

ನಿನ್ನ ಬರಹವನ್ನು ಕೋರ್ಟಿನಲ್ಲಿ ವಕೀಲರ ಕೋಣೆಯಲ್ಲಿ ಓದಿದೆ. ಕಿರಿಯರು ಗಟ್ಟಿಯಾಗಿ ಓದಿ ನಗುತ್ತಿದ್ದರು. "ಯಾರ್ರೀ ಈ ಮುದುಕ, ಗಂಟಿ ಬಾರಿಸಿದಂಗ ಬರದಾನ" ಎಂದು ನನ್ನನ್ನು ಕೇಳಿದರು. ಬಾಗೇವಾಡಿ ಸಾಲಿಯಲ್ಲಿ ನನ್ನ ಪಕ್ಕದ ಮಣೆಯ ಮೇಲೆ ಕುಳಿತವನು ಎಂದು ನಾನು ಹೇಳಲಿಲ್ಲ.

ನಿನ್ನ ಅಭಿಪ್ರಾಯ ನಿನಗಿರಲಿ. ನನ್ನದು ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತಿದೆ. ನನ್ನ ತಮ್ಮ ರೇವಣಪ್ಪನಿಗೆ ಈಗ ಐವತ್ತು. ನಿಮ್ಮ ಕಂಪನಿಗೆ ಹಾರ್ಮೋನಿಯಂ ಪೇಟಿ ಬಾರಿಸಲು ಬಂದಾಗ ಅವನ ಬೆರಳಿಗೆ ಜೋಡಿ ಇಲ್ಲ ಎಂದು ಊರೂರಲ್ಲಿ ಹೇಳುತ್ತಿದ್ದವನು ನೀನು. ಮುದ್ದೇಬಿಹಾಳದ ಕ್ಯಾಂಪಿನಲ್ಲಿ ಅವನ ಕೈಗೆ ಮೊದಲ ಸಲ ಚಿಲಮಿ ಕೊಟ್ಟವನೂ ನೀನು. ಈಗ ದಿನವೂ ಮುಂಜಾನೆ ಪೇಟಿ ತೆಗೆದಿಟ್ಟುಕೊಂಡು ತಿದಿ ಒತ್ತುತ್ತಾನೆ. ಸ್ವರದ ಮೇಲೆ ಬೆರಳು ಇಡುವುದಿಲ್ಲ. ಬರೀ ಗಾಳಿ ಬರುತ್ತದೆ. ಸರಕಾರ ಅಂಗಡಿ ತೆರೆದರೆ ಅದರ ಮೊದಲ ಗಿರಾಕಿ ನನ್ನ ಮನೆಯಲ್ಲಿದ್ದಾನೆ. ಇದು ನನ್ನ ಅಭಿಪ್ರಾಯ. ಪತ್ರಿಕೆಗೆ ಕಳಿಸುವುದಿಲ್ಲ.

ಆದರೆ ಬರೆದದ್ದು ಇದಕ್ಕಲ್ಲ. ಊರ ಹೆಸರು, ಗದ್ದುಗೆಯ ಹೆಸರು, ಅಯ್ಯನವರ ಹೆಸರು, ಗಿಡ ಎಷ್ಟು, ಬಾವಿಯ ಯಾವ ಮಗ್ಗುಲಿಗೆ, ಒಂದನ್ನೂ ಬಿಡದೆ ಬರೆದಿದ್ದೀ. ಫೌಜದಾರನಿಗೂ ಓದಲು ಬರುತ್ತದೆ. ಈ ಪತ್ರ ಮುಟ್ಟಿದ ದಿನವೇ ಹೋಗಿ ಆ ಗಿಡ ಕೀಳಿಸು.

ಬಸಂತರಾಯ


ಯಂಕಂಚಿ
೨೮ ಸೆಪ್ಟೆಂಬರ್ ೧೯೭೮

ಗೆಳೆಯ ಬಸಂತರಾಯನಿಗೆ ಮಡಿವಾಳಪ್ಪನ ಶರಣಾರ್ಥಿ.

ಟಪಾಲು ಮಾನಪ್ಪ ಪತ್ರ ಕೊಟ್ಟಾಗ ಅಕ್ಷರ ನೋಡಿ ಹೊಸ್ತಿಲ ಮೇಲೆಯೇ ಕುಳಿತುಬಿಟ್ಟೆ.

"ಯಾಕ್ರೀ ಮಾಸ್ತರ, ಕೆಟ್ಟ ಸುದ್ದಿ ಏನು?" ಎಂದ.

"ಅಲ್ಲೋ, ನನ್ನ ಪಾಲಿಗೆ ಸತ್ತಾನ ಅನ್ಕೊಂಡಿದ್ದವ ಬರದಾನ."

"ಅವರೂ ನಿಮ್ಮನ್ನ ಹಂಗ ಅನ್ಕೊಂಡಿರಬೇಕು ಬಿಡ್ರಿ. ಪೇಪರನ್ಯಾಗ ಒದರಿದ ಮ್ಯಾಲ ಜೀವ ಐತಿ ಅಂತ ಗೊತ್ತಾಗೇತಿ."

ಈ ಮಾತಿಗೆ ಅವನಿಗೆ ಒಂದು ಕಪ್ಪು ಚಹಾ ಕುಡಿಸಿದೆ.

ರೇವಣಪ್ಪನ ಕೈಗೆ ಚಿಲಮಿ ಕೊಟ್ಟದ್ದು ಖರೆ. ಅದೇ ಚಿಲಮಿಯನ್ನು ಅಂದು ಎಂಟು ಜನ ಸೇದಿದೆವು. ಏಳು ಜನ ಮರುದಿನ ಬಣ್ಣ ಹಚ್ಚಿಕೊಂಡು ನಿಂತೆವು. ಏಳು ಜನರ ಮಾತು ಎಂಟನೆಯವನ ಮನೆಯಲ್ಲಿ ನಡೆಯುವುದಿಲ್ಲ, ಅದೂ ಗೊತ್ತು. ನಾನು ಸೇದುವುದು ಬಿಟ್ಟು ಒಂಬತ್ತು ವರ್ಷವಾಯಿತು. ಬಿಟ್ಟದ್ದು ಪುಣ್ಯಕ್ಕಲ್ಲ, ಕೆಮ್ಮಿಗೆ.

ಹಾಗಾದರೆ ಆ ಬರಹ ಯಾಕೆ ಎಂದು ಕೇಳುತ್ತೀ. ರುಕ್ಮವ್ವನಿಗೆ ಹುಷಾರಿಲ್ಲ, ಬಸಂತರಾಯ. ಯುಗಾದಿಯ ಮುಂದೆ ಹೊಟ್ಟೆನೋವು ಎಂದಳು. ಮಿರಜಿನ ದವಾಖಾನೆಗೆ ಒಯ್ದು ತೋರಿಸಿದೆ. ಹೊಟ್ಟೆಯಲ್ಲಿ ಗಡ್ಡೆ. ಕೊಯ್ಯುವ ಹೊತ್ತು ದಾಟಿದೆ, ಮನೆಗೆ ಕರೆದುಕೊಂಡು ಹೋಗಿರಿ ಎಂದರು. ಎಷ್ಟು ದಿನ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ನಿನಗೆ ಅವಳು ಹೋಳಿಗೆ ಬಡಿಸುತ್ತಿದ್ದ ಕೈ ನೆನಪಿರಬೇಕು. ಈಗ ಆ ಕೈಗೆ ಬಳೆ ನಿಲ್ಲುವುದಿಲ್ಲ.

ನೋವು ಬಂದಾಗ ಅವಳು ಕೂಗುವುದಿಲ್ಲ. ಗೋಡೆಯ ಕಡೆ ಮುಖ ಮಾಡಿ ಸೆರಗು ಕಚ್ಚಿಕೊಳ್ಳುತ್ತಾಳೆ. ಚನ್ನಬಸಯ್ಯನವರ ಹತ್ತಿರ ಹೋದ ವರ್ಷದ ಒಣ ಎಲೆ ಒಂದು ಡಬ್ಬಿಯಲ್ಲಿತ್ತು. ಹಾಲಿನಲ್ಲಿ ಕುದಿಸಿ, ತುಪ್ಪ ಬೆಲ್ಲ ಹಾಕಿ, ಸೋಸಿ ಕೊಡುತ್ತೇನೆ. ಹಕೀಮರ ಪುಡಿ ಎಂದು ಹೇಳಿದ್ದೇನೆ. ಕುಡಿದ ಮೇಲೆ ಮುಖ ಸಡಿಲಾಗುತ್ತದೆ, ನಾಲ್ಕು ತಾಸು ಮಲಗುತ್ತಾಳೆ. ಡಬ್ಬಿ ಈಗ ತಳ ಕಂಡಿದೆ. ಹೊಸ ಗಿಡ ಹೂ ಬಿಡಲು ಇನ್ನೂ ಎರಡು ತಿಂಗಳು ಬೇಕು. ಕೀಳಿಸು ಎಂದರೆ ಹೇಗೆ ಕೀಳಿಸಲಿ?

ಪೋಲೀಸರ ಹೆದರಿಕೆ ಬಿಡು. ಗದ್ದುಗೆಯ ಮೇಲೆ ಕೈ ಹಾಕುವ ಗಂಡಸು ಈ ತಾಲೂಕಿನಲ್ಲಿ ಹುಟ್ಟಿಲ್ಲ.

ಮಡಿವಾಳಪ್ಪ


ಯಂಕಂಚಿ
೨೧ ಅಕ್ಟೋಬರ್ ೧೯೭೮

ಬಸಂತರಾಯನಿಗೆ,

ಹುಟ್ಟಿದ್ದಾನೆ. ಮಂಗಳವಾರ ಬಂದಿದ್ದ.

ಫೌಜದಾರ, ಇಬ್ಬರು ಪೋಲೀಸರು, ಪಂಚನಾಮೆಗೆ ಊರಿನ ಇಬ್ಬರು. ಎಲೆ ಕೇಳಲು ಹೋಗಿದ್ದ ನಾನು ಅಲ್ಲಿಯೇ ಕಟ್ಟೆಯ ಮೇಲೆ ಕುಳಿತಿದ್ದೆ. ಫೌಜದಾರ ಕಿಸೆಯಿಂದ ಪತ್ರಿಕೆಯ ತುಂಡು ತೆಗೆದು ಬಿಚ್ಚಿ ನನಗೆ ತೋರಿಸಿದ.

"ಮಾಸ್ತರ, ಇದು ನೀವ ಬರದಿದ್ದಲ್ಲ? ಬಂದು ನೋಡ್ರಿ ಅಂದಿದ್ರಿ. ಬಂದೇವಿ ನೋಡ್ರಿ."

ಎಲ್ಲರೂ ನಕ್ಕರು. ಆಮೇಲೆ ಅಯ್ಯನವರ ಕಡೆ ತಿರುಗಿದ.

"ಯಾರು ಹಚ್ಚಿದ್ದು ಈ ಗಿಡ?"

"ಗದ್ದಗೀದ್ರಿ."

"ಗದ್ದಗಿ ಏನು ಗುದ್ದಲಿ ಹಿಡದಿತ್ತೇನು? ಹೆಸರು ಹೇಳ್ರಿ, ನಿಮ್ಮನ್ನ ಬಿಟ್ಟು ಹೋಗ್ತೇನಿ. ವಯಸ್ಸಾದವರು ಅದೀರಿ."

"ಇಟ್ಟವರ ಹೆಸರು ಕೇಳಬಾರದ್ರಿ ಸಾಹೇಬ್ರ. ನಾ ನಲವತ್ತು ವರ್ಷ ಆತು, ಕೇಳಿಲ್ಲ. ನೀವೂ ಕೇಳಬ್ಯಾಡ್ರಿ."

ಫೌಜದಾರ ಕೆಟ್ಟವನಲ್ಲ. ಮೂರು ಸಲ ಕೇಳಿದ. ಮೂರು ಸಲವೂ ಅಯ್ಯನವರು ಅದೇ ಮಾತು ಹೇಳಿದರು. ಗಿಡ ಬೇರುಸಹಿತ ಕಿತ್ತು, ಗೋಣಿಚೀಲದಲ್ಲಿ ಸುತ್ತಿ, ಅವರನ್ನೂ ಜೀಪಿನಲ್ಲಿ ಹತ್ತಿಸಿಕೊಂಡು ಸಿಂದಗಿಗೆ ಒಯ್ದರು. ಹತ್ತುವಾಗ ಅಯ್ಯನವರು ಕಾಲಲ್ಲಿದ್ದ ಕೆರ ಬಿಚ್ಚಿ ಕಟ್ಟೆಯ ಕೆಳಗೆ ಜೋಡಿಸಿ ಇಟ್ಟರು. ಯಾಕೆ ಇಟ್ಟರು ಎಂದು ನನಗೆ ತಿಳಿಯಲಿಲ್ಲ. ಐದು ದಿನದಿಂದ ಅದನ್ನೇ ನೆನೆಯುತ್ತಿದ್ದೇನೆ.

ನಾನು ಒಂದು ಮಾತೂ ಆಡಲಿಲ್ಲ.

ನೀನು ಅವರ ವಕೀಲನಾಗಿ ನಿಲ್ಲಬೇಕು. ನನಗಾಗಿ ಬೇಡ. ಸಿಂದಗಿಯ ಕೋರ್ಟಿನಲ್ಲಿ ಅವರ ಪರವಾಗಿ ಕೇಳಲು ನನಗೆ ಬೇರೆ ಯಾರೂ ಗೊತ್ತಿಲ್ಲ.

ಮಡಿವಾಳಪ್ಪ


ಇಂಡಿ
೪ ನವೆಂಬರ್ ೧೯೭೮

ಮಡಿವಾಳಪ್ಪನಿಗೆ,

ಚನ್ನಬಸಯ್ಯನವರಿಗೆ ಜಾಮೀನು ಆಗಿದೆ. ಗದ್ದುಗೆಗೆ ಮುಟ್ಟಿದ್ದಾರೆ. ಕಾಲಿಗೆ ಕೆರ ಇಲ್ಲದೆ ಕೋರ್ಟಿನ ಫರಸಿಯ ಮೇಲೆ ನಿಂತಿದ್ದರು. ಕೇಳಿದೆ. "ತಪ್ಪು ಮಾಡಿದವರ ಜಾಗಾಕ್ಕ ಹೊಂಟಿದ್ದೆನಲ್ಲ, ಗದ್ದಗಿ ಕೆರ ಯಾಕ ಒಯ್ಯೂದು" ಎಂದರು.

ನಾನು ಹೇಗೆ ಹೇಗೆ ಕೇಳಿದರೂ ಅವರದು ಒಂದೇ ಉತ್ತರ. ಗಿಡ ಗದ್ದುಗೆಯದು, ಗದ್ದುಗೆಗೆ ನಾನು ಜವಾಬು. ಇದನ್ನೇ ನ್ಯಾಯಾಧೀಶ ಸಾಹೇಬರ ಮುಂದೆ ಹೇಳಿದರೆ ತಪ್ಪೊಪ್ಪಿಗೆ ಆಗುತ್ತದೆ. ಕೆಲವು ತಿಂಗಳ ಶಿಕ್ಷೆ ಆಗಬಹುದು. ಎಪ್ಪತ್ಮೂರು ವಯಸ್ಸು, ಎದೆಯಲ್ಲಿ ಉಬ್ಬಸ. ಕೆಲವು ತಿಂಗಳು ಎಂದರೆ ಅವರಿಗೆ ಎಷ್ಟು ಎಂದು ನೀನೇ ತಿಳಿದುಕೋ.

ಇನ್ನೊಂದು. ಪಂಚನಾಮೆಯ ನಕಲು ಓದಿದೆ. ಪಂಚರಲ್ಲಿ ಒಬ್ಬ ಮೋರಟಗಿಯ ಶಿಂಪಿಗ ಮಶಾಕಸಾಬ. ಅವನು ಹೇಳಿ ಬರೆಸಿದ ಒಂದು ಸಾಲು ಹೀಗಿದೆ: "ಸದರಿ ಗಿಡಗಳು ಗಾಳಿಗೆ ಬಾಗದಂತೆ ಕೋಲಿಗೆ ಕಟ್ಟಲಾಗಿದ್ದು, ಕಟ್ಟಿದ ಪಟ್ಟಿಯು ಕೆಂಪು ಮಕಮಲ್ಲಿನದು, ಅಂಚಿಗೆ ಹಳೆಯ ಜರಿ, ಹೊಲಿಗೆ ಎರಡೆಳೆಯದು." ಬೇರೆ ಪಂಚನಾದರೆ ಬಟ್ಟೆಯ ಚೂರು ಎಂದು ಬರೆಸುತ್ತಿದ್ದ. ಶಿಂಪಿಗನಿಗೆ ತನ್ನ ಹೊಲಿಗೆ ಕಂಡಿತು. ಯಾರಿಗಾಗಿ ಹೊಲಿದದ್ದು ಎಂದು ಅವನನ್ನು ಯಾರೂ ಕೇಳಿಲ್ಲ, ಅವನೂ ಹೇಳಿಲ್ಲ.

ಆ ಮಕಮಲ್ಲಿನ ನಿಲುವಂಗಿಯಲ್ಲಿ ಒಬ್ಬ ರಾಜನನ್ನು ನಾನು ಬಹಳ ಸಲ ನೋಡಿದ್ದೇನೆ. ಮುಂದಿನ ಸಾಲಿನಲ್ಲಿ ಕುಳಿತು ನೋಡಿದ್ದೇನೆ.

ನಾನು ಪ್ರಶ್ನೆ ಕೇಳುತ್ತಿಲ್ಲ. ಇಟ್ಟವರ ಹೆಸರು ಕೇಳಬಾರದಂತೆ.

ಬಸಂತರಾಯ


ಯಂಕಂಚಿ
೨೬ ನವೆಂಬರ್ ೧೯೭೮

ಬಸಂತರಾಯನಿಗೆ,

ನಿನ್ನ ಪತ್ರ ಬಂದು ಹದಿನೈದು ದಿನವಾಯಿತು. ನಾಲ್ಕು ಸಲ ಬರೆದು ಹರಿದೆ. ನಾಲ್ಕರಲ್ಲಿಯೂ ಮಾತು ಚೆನ್ನಾಗಿತ್ತು, ಅದಕ್ಕೇ ಹರಿದೆ.

ಗಿಡ ನನ್ನದು. ಜೂನ್‌ನಲ್ಲಿ ಮೊದಲ ಮಳೆಗೆ ನೆಟ್ಟೆ. ಮನೆಯ ಹಿತ್ತಲಲ್ಲಿ ನೆಟ್ಟರೆ ರುಕ್ಮವ್ವನಿಗೆ ತಿಳಿಯುತ್ತದೆ, ಓಣಿಗೆ ತಿಳಿಯುತ್ತದೆ ಎಂದು ಗದ್ದುಗೆಯ ಹಿಂದೆ ನೆಟ್ಟೆ. ಅಯ್ಯನವರು ನೋಡಿದರು. ಏನೂ ಕೇಳದೆ ಬಾವಿಯಿಂದ ಒಂದು ಕೊಡ ನೀರು ತಂದು ಹಾಕಿ ಒಳಗೆ ಹೋದರು. ಆಗಸ್ಟಿನ ಗಾಳಿಗೆ ಗಿಡ ವಾಲಿದಾಗ ಕಟ್ಟಲು ಕೈಗೆ ಏನೂ ಸಿಗಲಿಲ್ಲ. ಸೆಣಬಿನ ಹಗ್ಗಕ್ಕೆ ಕಾಂಡ ಕೊಯ್ದೀತು ಎಂದು, ಪೆಟಾರಿಯಲ್ಲಿದ್ದ ನಿಲುವಂಗಿಯ ಅಂಚು ಹರಿದು ಮೆತ್ತಗೆ ಕಟ್ಟಿದೆ. ರಾಜನ ಬಟ್ಟೆ ಕಟ್ಟಿದೆನಲ್ಲ ಎಂದು ಮನಸ್ಸಿನಲ್ಲಿ ಹಿಗ್ಗಿದ್ದೂ ಉಂಟು. ಆ ಹಿಗ್ಗಿನಲ್ಲಿಯೇ ಪತ್ರಿಕೆಗೆ ಬರೆದೆ.

ಫೌಜದಾರ ಮೂರು ಸಲ ಕೇಳಿದ ಎಂದು ನಿನಗೆ ಬರೆದಿದ್ದೆ. ಮೂರು ಸಲವೂ ನನ್ನ ಪ್ರವೇಶ ಇತ್ತು. ಮೂವತ್ತು ವರ್ಷದಲ್ಲಿ ಒಂದು ಪ್ರವೇಶವನ್ನೂ ತಪ್ಪಿಸದವನು ಮೂರನ್ನೂ ತಪ್ಪಿಸಿದೆ.

ಈಗ ಹೇಳು, ನಾನು ಜೈಲಿಗೆ ಹೋದರೆ ಅವಳನ್ನು ಯಾರು ನೋಡಬೇಕು? ನಮಗೆ ಮಕ್ಕಳಿಲ್ಲ. ನಾನು ಬರುವ ತನಕ ಅವಳು ಇರುವುದಿಲ್ಲ, ಇದನ್ನು ತಿಳಿಯಲು ಡಾಕ್ಟರು ಬೇಕಿಲ್ಲ. ಡಬ್ಬಿ ಖಾಲಿಯಾಗಿದೆ. ಮೊನ್ನೆ ಓಣಿಯ ಹಿರಿಯರು ಬಂದು, "ಒಂದೀಟು ಸಾರಾಯಿ ಕುಡಿಸ್ರಿ ಮಾಸ್ತರ, ನೋವು ಮರಿತಾಳ, ಅದಕ್ಕ ಕಾಯ್ದೇದ ಅಡ್ಡಿ ಇಲ್ಲ" ಎಂದರು. ಕುಡಿಸಿದೆ. ಇಡೀ ದಿನ ವಾಂತಿ ಮಾಡಿಕೊಂಡಳು.

ಆ ಮುದುಕನ ಕೊನೆಗಾಲ, ಇವಳ ಕೊನೆಗಾಲ, ಎರಡನ್ನೂ ನನ್ನ ಎರಡು ಕೈಯಲ್ಲಿ ಇಟ್ಟು ಕೊಟ್ಟವರು ಯಾರೆಂದು ನೋಡಿದರೆ ನಾನೇ. ಕಾಯ್ದೆ ಇರಬೇಕೋ ಬೇಡವೋ ಎಂದು ಯಾರಾದರೂ ಕೇಳಿದರೆ ಈಗ ನನಗೆ ಬಾಯಿ ಬರುವುದಿಲ್ಲ. ದಣಿದಿದ್ದೇನೆ.

ಮಡಿವಾಳಪ್ಪ


ಇಂಡಿ
೧೭ ಡಿಸೆಂಬರ್ ೧೯೭೮

ಮಡಿವಾಳಪ್ಪನಿಗೆ,

ವಿಜಾಪುರದ ಡಾಕ್ಟರರಿಂದ ನೋವಿನ ಗುಳಿಗೆ ಬರೆಸಿ ಸಿಂದಗಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದ್ದೇನೆ. ಊಟವಾದ ಮೇಲೆ ಒಂದು, ತಡೆಯದಿದ್ದರೆ ಇನ್ನೊಂದು. ಎಲೆಯಷ್ಟು ಹಿಡಿತ ಇದಕ್ಕೆ ಇಲ್ಲದೆ ಇರಬಹುದು.

ವಿಚಾರಣೆ ಜನವರಿ ೨೨ಕ್ಕೆ. ನೀನು ಕೇಳದಿದ್ದರೂ ಹೇಳಬೇಕಾದದ್ದು ಹೇಳುತ್ತೇನೆ. ನೀನು ಬಂದರೆ ಅಯ್ಯನವರ ಪರ ಸಾಕ್ಷಿ ಎಂದು ನಿನ್ನನ್ನು ಕರೆಯಬಲ್ಲೆ. ಕರೆದ ಮೇಲೆ ನೀನು ಆರೋಪಿ. ಒಂದೇ ಪ್ರಕರಣದಲ್ಲಿ ಇಬ್ಬರ ಪರ ನಿಲ್ಲಲು ನನಗೆ ಬರುವುದಿಲ್ಲ, ನಿನಗೆ ಬೇರೆ ವಕೀಲ ಬೇಕಾದೀತು. ಬಾ ಎಂದು ಹೇಳುತ್ತಿಲ್ಲ. ಬರಬೇಡ ಎಂದೂ ಹೇಳಲಾರೆ.

ಇಪ್ಪತ್ತೆರಡು ವರ್ಷದಲ್ಲಿ ನನ್ನ ಮುಂದೆ ಬಂದ ಗಾಂಜಾದ ಪ್ರಕರಣಗಳನ್ನು ಮೊನ್ನೆ ನೆನೆದೆ. ಒಬ್ಬ ಕುಂಟ ಸಾಧು. ಕುರಿ ಕಾಯುವ ಒಬ್ಬ ಮುದುಕ. ಈಗ ಈ ಅಯ್ಯ. ರೇವಣಪ್ಪನಂಥವರಿಗೆ ಚೀಲಗಟ್ಟಲೆ ಮಾರಿದವನು ಒಬ್ಬನೂ ಬಂದಿಲ್ಲ. ಕಾಯ್ದೆ ಇಲ್ಲದಿದ್ದರೆ ನನ್ನ ತಮ್ಮ ಹಾಳಾಗುತ್ತಿದ್ದ ಎಂದು ನಂಬಿದ್ದೆ. ಕಾಯ್ದೆ ಇದ್ದೇ ಹಾಳಾದ. ಅಭಿಪ್ರಾಯ ಬದಲಾಯಿತು ಎಂದು ತಿಳಿಯಬೇಡ. ಮೊದಲಿನಷ್ಟು ಗಟ್ಟಿ ಇಲ್ಲ.

ನಿನ್ನ ಪತ್ರ ಓದುವಾಗ ರೇವಣಪ್ಪ ಪಕ್ಕದಲ್ಲಿದ್ದ. ಅಕ್ಷರ ಗುರುತು ಹಿಡಿದನೋ ಏನೋ, ಪೇಟಿಯ ತಿದಿ ನಿಲ್ಲಿಸಿ ಕೇಳಿದ: "ಮಡ್ಯಾ ಇನ್ನೂ ಒದರತಾನೇನು?" ಎರಡು ವರ್ಷದಲ್ಲಿ ಅವನು ತಾನಾಗಿ ಆಡಿದ ಮೊದಲ ಮಾತು ಅದು. ನಾನು ಹೌದು ಎಂದೆ.

ಬಸಂತರಾಯ


ಯಂಕಂಚಿ
೭ ಜನವರಿ ೧೯೭೯

(ರುಕ್ಮವ್ವನವರು ಮಲಗಿದಲ್ಲಿಂದ ಹೇಳಿದರು. ಅವರು ಹೇಳಿದಂತೆಯೇ ನಾನು ಬರೆದಿದ್ದೇನೆ. ಸುಮಿತ್ರಾಬಾಯಿ, ಕನ್ನಡ ಸಾಲಿ ಶಿಕ್ಷಕಿ.)

ವಕೀಲ ಅಣ್ಣಾರಿಗೆ ರುಕ್ಮವ್ವ ಮಾಡುವ ಶರಣಾರ್ಥಿ.

ಅವರು ಇವತ್ತ ಸಂತಿಗಿ ಹೋಗ್ಯಾರ. ಅದಕ್ಕ ಬಾಯಾರನ್ನ ಕರಸೇನಿ. ನೀವು ಕಳಿಸಿದ ಗುಳಿಗಿ ಮುಟ್ಯಾವ. ನಿದ್ದಿ ಬರತೈತಿ, ನೋವು ಅಲ್ಲೇ ಕುಂತಿರತೈತಿ. ಆದ್ರೂ ಉಪಕಾರ ಆತು.

ಅಣ್ಣಾರ, ಅವರು ನನಗ ಹಕೀಮರ ಪುಡಿ ಅಂತ ಹೇಳಿ ಕೊಡತಿದ್ರು. ನಮ್ಮಪ್ಪ ದಿನಾ ಭಂಗಿ ಕುಡೀತಿದ್ದ, ನಾನ ಅದನ್ನ ಅರದು ಕೊಡತಿದ್ದೆ. ನನಗ ವಾಸನಿ ಗೊತ್ತಾಗೂದಿಲ್ಲೇನು? ಹೇಳಿದ್ರ ಮಾರಿ ಸಣ್ಣದು ಮಾಡ್ಕೋತಾರ ಅಂತ ಸುಮ್ಮನ ಕುಡದೆ. ದಸರಾಕ್ಕ ಪೆಟಾರಿ ತಗದಾಗ ಮಕಮಲ್ ಅಂಗಿ ಅಂಚ ಹರಿದಿತ್ತು. ಮುಂದ ಮಗ್ಗಲ ಮನಿ ಗುಂಡವ್ವ ಬಂದು ಗದ್ದಗಿ ಸುದ್ದಿ ಹೇಳಿದ್ಲು, ಕೆಂಪು ಪಟ್ಟಿ ಕಟ್ಟಿದ್ರಂತ ಅಂದ್ಲು. ಆವಾಗ ತಿಳೀತು.

ಅಯ್ಯನವರು ನನ್ನ ಸಲುವಾಗಿ ಕೋರ್ಟಿಗಿ ನಿಂತಾರ. ಅದು ನನಗ ಒಳಗ ಕುಂತೈತಿ. ಈ ಗಡ್ಡಿ ಕಿಂತ ಅದು ಹೆಚ್ಚ ನೋವು. ಇವರು ಹೋಗಿ ಖರೆ ಹೇಳಿ ಬರಬೇಕು. ನಾ ಹೇಳಿದ್ರ ನಿನ್ನ ಬಿಟ್ಟು ಹ್ಯಾಂಗ ಹೋಗಲಿ ಅಂತಾರ. ಗುಂಡವ್ವ ನನ್ನ ನೋಡ್ಕೋತಾಳ. ನೀರು ಹಾಕಾಕ ಯಾರರ ಒಬ್ಬರು ಸಾಕು. ಮೂವತ್ತೆಂಟು ವರ್ಷ ಅವರ ಮಾತು ಕೇಳೇನಿ, ಸ್ವಲ್ಪ ದಿನ ಸುಮ್ಮನ ಮಲಗತೇನಿ.

ನನ್ನ ಅಭಿಪ್ರಾಯ ಯಾವ ಪೇಪರನವರೂ ಕೇಳಿಲ್ಲ. ನೀವು ಕಾಯ್ದೆ ಓದಿದವರು, ನಿಮಗ ಹೇಳತೇನಿ. ಅಂಗಡಿ ಇದ್ದಿದ್ರ ಇವರು ಹೋಗಿ ಕೊಂಡು ತರತಿದ್ರು, ಅಯ್ಯನವರು ಗದ್ದಗ್ಯಾಗ ಇರತಿದ್ರು. ಅಂಗಡಿ ಇದ್ದಿದ್ರ ನಿಮ್ಮ ತಮ್ಮನಂಥವರೂ ಕೊಂಡು ತರತಿದ್ರು. ಎರಡೂ ಖರೆ. ಯಾವುದು ಹೆಚ್ಚು ಅಂತ ತೂಗಾಕ ನನ್ನ ಕಡೆ ಶಕ್ತಿ ಇಲ್ಲ.

ಅವರಿಗಿ ಒಂದು ಮಾತು ಬರೀರಿ. ನಾ ಹೇಳಿಸೇನಿ ಅಂತ ಬರೀಬ್ಯಾಡ್ರಿ.

ರುಕ್ಮವ್ವ


ಇಂಡಿ
೧೦ ಜನವರಿ ೧೯೭೯
(ಕಾರ್ಡು)

ಮಡಿವಾಳಪ್ಪನಿಗೆ,

೨೨ ಸೋಮವಾರ, ಹನ್ನೊಂದು ಗಂಟೆಗೆ, ಸಿಂದಗಿ ಕೋರ್ಟು. ರೇವಣಪ್ಪನನ್ನು ಜೊತೆಗೆ ತರುತ್ತಿದ್ದೇನೆ. ಮನೆಯಲ್ಲಿ ಒಬ್ಬನನ್ನೇ ಬಿಡುವಂತಿಲ್ಲ.

ಬಸಂತರಾಯ


ಯಂಕಂಚಿ
೨೧ ಜನವರಿ ೧೯೭೯, ಭಾನುವಾರ

ಬಸಂತರಾಯನಿಗೆ,

ಇದನ್ನು ಟಪಾಲಿಗೆ ಹಾಕುವುದಿಲ್ಲ. ನಾಳೆ ನಿನ್ನ ಕೈಗೇ ಕೊಡುತ್ತೇನೆ. ಕೋರ್ಟಿನಲ್ಲಿ ನಿನ್ನ ಹತ್ತಿರ ಮಾತಾಡಲು ಹೊತ್ತು ಸಿಗಲಿಕ್ಕಿಲ್ಲ, ಸಿಕ್ಕರೆ ನಾನು ಹೆಚ್ಚು ಮಾತಾಡೇನು. ಅದಕ್ಕೆ ಬರೆದಿಡುತ್ತಿದ್ದೇನೆ.

ನಿನ್ನ ಕಾರ್ಡನ್ನು ಮಾನಪ್ಪ ಹೊಸ್ತಿಲಲ್ಲಿ ನಿಂತು ಗಟ್ಟಿಯಾಗಿ ಓದಿದ. ಕಾರ್ಡು ಎಂದರೆ ಅವನಿಗೆ ಊರ ಆಸ್ತಿ. ಒಳಗಿನಿಂದ ರುಕ್ಮವ್ವ ಕರೆದಳು.

"ಸೋಮವಾರ ಅಂದ್ರ ನಾಡದು ಬಿಟ್ಟು ಮುಂದಿನದಲ್ಲ?"

"ಹೌದು."

"ಹಂಗಾರ ಬಿಳಿ ಧೋತರ ಒಗಿಸಿ ಇಡ್ರಿ."

ನಾನು ಅವಳ ಮುಖ ನೋಡಿದೆ. ಅವಳು ಗೋಡೆ ನೋಡುತ್ತಿದ್ದಳು. ಎಷ್ಟು ದಿನದಿಂದ ಗೊತ್ತು ಎಂದು ಕೇಳಿದೆ. "ನಿಮಗ ಗೊತ್ತಾದಾಗಿಂದ" ಎಂದಳು. ನಾನು ಹೋದರೆ ತಿರುಗಿ ಬರುವುದು ಯಾವಾಗಲೋ ಏನೋ ಎಂದೆ. ಅದಕ್ಕೆ ಅವಳು, "ಕ್ಯಾಂಪಿಗಿ ಹ್ವಾದ್ರ ಆರ ತಿಂಗಳ ಬರತಿದ್ದಿಲ್ಲ. ಆವಾಗೇನು ನಾ ಸತ್ತಿದ್ದೆನೇನು" ಎಂದಳು. ನಾನು ಅಳುತ್ತೇನೆ ಎಂದು ಅವಳಿಗೆ ಅನ್ನಿಸಿರಬೇಕು. ಮತ್ತೆ ಹೇಳಿದಳು.

"ಒಂದು ಕೇಳತೇನಿ, ನಡಸಿ ಕೊಡ್ರಿ. ಅಲ್ಲಿ ಭಾಷಣ ಮಾಡಬ್ಯಾಡ್ರಿ. ಸರಕಾರ ಹಂಗ, ಸಾರಾಯಿ ಹಿಂಗ ಅಂತ ಸುರು ಮಾಡಬ್ಯಾಡ್ರಿ. ಗಿಡ ನಂದು ಅನ್ರಿ. ಎರಡ ಮಾತು. ಆಮ್ಯಾಲ ಬಾಯಿ ಮುಚ್ಚ್ರಿ."

ನಾನು ಹೂಂ ಎಂದೆ. ಬಸಂತರಾಯ, ಅದು ನನಗೆ ಎಷ್ಟು ಕಷ್ಟ ಎಂದು ನಿನಗೆ ಗೊತ್ತು. ಈ ಎಂಟು ದಿನ ಹಿತ್ತಲಲ್ಲಿ ಎಮ್ಮೆಯ ಮುಂದೆ ನಿಂತು ರೂಢಿ ಮಾಡಿದೆ. ಮೊದಲು ಮೊದಲು ಎರಡು ಮಾತು ಆದ ಮೇಲೆ "ಆದರೆ ಸ್ವಾಮೀ" ಎಂದು ಬಾಯಿ ತಾನೇ ತೆರೆಯುತ್ತಿತ್ತು. ಈಗ ನಿಂತಿದೆ.

ನಿನ್ನೆ ಗದ್ದುಗೆಗೆ ಹೋಗಿದ್ದೆ. ಅಯ್ಯನವರು ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕುಳಿತಿದ್ದರು. ಸೋಮವಾರ ನನ್ನ ಹೆಸರು ನಾನೇ ಹೇಳುತ್ತೇನೆ, ನಿಮ್ಮ ನಡೆ ಮುರಿದಂತೆ ಆಗುತ್ತದೆಯೇ ಎಂದು ಕೇಳಿದೆ. ಉಬ್ಬಸಪಡುತ್ತಲೇ, "ನಾ ಹೇಳಬಾರದು ಅಂತ ಐತಿ. ನೀ ಹೇಳಬಾರದು ಅಂತ ಯಾರಂದ್ರು" ಎಂದರು. ಮೂರು ತಿಂಗಳು ಅವರು ಕಾದಿದ್ದು ಇಷ್ಟಕ್ಕೇ ಇರಬೇಕು. ನನ್ನ ಬಾಯಿ ಇಷ್ಟು ದೊಡ್ಡದು, ಇಷ್ಟು ಹೊತ್ತು ಹಿಡಿಯಿತು.

ಸಂಪಾದಕರಿಗೆ ಇನ್ನೊಂದು ಪತ್ರ ಬರೆಯಬೇಕೆಂದಿದ್ದೆ. ಬಿಟ್ಟೆ. ನನ್ನ ಅಭಿಪ್ರಾಯ ಇನ್ನೂ ಅದೇ ಇದೆ, ಇರಬೇಕು ಎಂಬುದೇ. ಆದರೆ ರೇವಣಪ್ಪ ನಾಳೆ ಕೋರ್ಟಿನ ಬೆಂಚಿನ ಮೇಲೆ ಕುಳಿತಿರುತ್ತಾನೆ. ಅವನ ಮುಖ ನೋಡಿಕೊಂಡು ಅದನ್ನು ಗಟ್ಟಿಯಾಗಿ ಹೇಳುವ ಧೈರ್ಯ ನನ್ನ ಬಳಿ ಇಲ್ಲ. ಅವನಿಗೆ ಒಂದು ಮಾತು ಮೊದಲೇ ಹೇಳಿಡು. ಮಡ್ಯಾ ಈಗ ಒದರುವುದಿಲ್ಲ ಎಂದು ಹೇಳು.

ಧೋತರ ಮಡಿಸಿ ಇಟ್ಟಿದ್ದೇನೆ. ಗುಂಡವ್ವ ಬೆಳಗಾಗುತ್ತಲೇ ಬರುತ್ತೇನೆ ಎಂದಿದ್ದಾಳೆ. ನಾಳೆ ಮುಂಜಾನೆ ರುಕ್ಮವ್ವನ ಬಾಯಿಗೆ ಎರಡು ಚಮಚ ಗಂಜಿ ಹಾಕಿ, ಗುಳಿಗೆ ನುಂಗಿಸಿ, ಹರಿದ ಅಂಚಿನ ನಿಲುವಂಗಿಯನ್ನು ಚೀಲದಲ್ಲಿ ಇಟ್ಟುಕೊಂಡು ಆರೂವರೆಯ ಬಸ್ಸಿಗೆ ಸಿಂದಗಿಗೆ ಬರುತ್ತೇನೆ. ನನ್ನ ಹೆಸರು ಕೂಗಿದಾಗ ಕೆರವನ್ನು ಬಾಗಿಲಲ್ಲಿ ಬಿಚ್ಚಿಟ್ಟು ಒಳಗೆ ಬಂದು, ಹಿಂದಿನ ಸಾಲಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ಎರಡು ಮಾತು ಹೇಳಿ ನಿಲ್ಲುತ್ತೇನೆ.

ಮಡಿವಾಳಪ್ಪ